ಅಡುಗೆಮನೆ ಬಾಗಿಲ ಕುರ್ಚಿ

"ಆ ಬೆಳ್ಳುಳ್ಳಿ ಬಿಡಿ ಅತ್ತೆ. ನಾಳೆ ರಜೆಯ ಊಟ ಹೊರಗಿಂದ ಬರುತ್ತೆ," ಎಂದಳು ಸೊಸೆ.

ಅಜ್ಜಿಯ ಕೈ ನಿಲ್ಲಲಿಲ್ಲ. ತಟ್ಟೆಯ ತುಂಬ ಬೆಳ್ಳುಳ್ಳಿ ಹರಡಿಕೊಂಡು ಕಿಟಕಿಯ ಕೆಳಗೆ ಕೂತಿದ್ದವಳು ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದಳು, ಇನ್ನೊಂದನ್ನು ಎತ್ತಿಕೊಂಡಳು. ಅಡುಗೆಮನೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ತಿರುಗಿ ನೋಡಿದರೆ ಮಗ ಸ್ಟೌವಿನ ಮುಂದೆ ಬಗ್ಗಿ, ಅದರ ನಾಬುಗಳನ್ನು ಒಂದೊಂದಾಗಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಅದೇನೋ ಅದು? ಕೆಟ್ಟಿದೆಯಾ?"

"ಇಲ್ಲಮ್ಮ. ನಿನ್ನ ಒಳ್ಳೇದಕ್ಕೇ."

ಈ ಮನೆಯಲ್ಲಿ ಯಾರಾದರೂ ಅಜ್ಜಿಗೆ ಒಳ್ಳೆಯದು ಮಾಡಲು ಹೊರಟರೆಂದರೆ ಅವಳ ಕೈಯಿಂದ ಏನೋ ಒಂದು ಹೋಯಿತೆಂದೇ ಲೆಕ್ಕ. ಹಿಂದೆ ಸ್ಟೂಲು ಹತ್ತುವುದು ಹೋಗಿತ್ತು, ಆಮೇಲೆ ಒಬ್ಬಳೇ ಮಾರುಕಟ್ಟೆಗೆ ಹೋಗುವುದು ಹೋಗಿತ್ತು. ಈಗ ಒಲೆ. ಮಗ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟು ಒಮ್ಮೆ ನಡುವೆ ನಿಂತರೆ ಸಾಕು, 'ಬಳಸಬೇಡಿ' ಎಂದು ಬೋರ್ಡು ನೇತುಹಾಕಿ ಆಮೇಲೆ ಕಾರಣ ಹುಡುಕುವುದು ಅವನ ಪದ್ಧತಿ. ತಾಯಿಯ ವಿಷಯದಲ್ಲೂ ಅದನ್ನೇ ಮಾಡಿದ್ದ.

ನಡೆದದ್ದು ಇಷ್ಟು. ದಿನದ ಅಡುಗೆ ಈಗ ಸೊಸೆಯದಾದರೂ, ರಜೆಗೆ ಎಲ್ಲರೂ ಸೇರಿದಾಗ ದೊಡ್ಡ ಪಾತ್ರೆಯನ್ನು ಒಲೆಗೇರಿಸುವವಳು ಅಜ್ಜಿ. ಕಾಳು, ಗೆಡ್ಡೆ, ಸೊಪ್ಪು ಎಲ್ಲ ಒಟ್ಟಿಗೆ ಬೇಯುವ ಆ ಸಾರಿಗಾಗಿಯೇ ಅಳಿಯ ರಾತ್ರಿ ಪಾಳಿ ಮುಗಿಸಿ ಬಸ್ಸು ಡಿಪೋದಿಂದ ನೇರ ಇಲ್ಲಿಗೆ ಬರುತ್ತಿದ್ದ. ಯಜಮಾನರು ತೀರಿಕೊಂಡ ಮೇಲಿನ ಮೊದಲ ರಜೆಯಲ್ಲಿ ಆ ಸಾರು ಉಪ್ಪುಪ್ಪಾಯಿತು. ಸ್ವಲ್ಪ ಮುಂದಾಗಿದ್ದಲ್ಲ, ಅಳಿಯ ಕೆಮ್ಮುತ್ತ ನಲ್ಲಿಗೆ ಓಡುವಷ್ಟು. ದುಃಖದಲ್ಲಿದ್ದಾಳೆ, ಕೈ ತಪ್ಪಿದೆ ಎಂದು ಎಲ್ಲರೂ ಸುಮ್ಮನಾದರು. ಮುಂದೆ ಮಗನ ಹುಟ್ಟುಹಬ್ಬಕ್ಕೂ ಹಾಗೇ ಆಯಿತು, ಆಮೇಲಿನ ರಜೆಗೂ ಹಾಗೇ. ಆಗ ಮನೆಯಲ್ಲಿ ಪಿಸುಮಾತು ಶುರುವಾಯಿತು.

"ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕೋರು ನಾಳೆ ಗ್ಯಾಸ್ ಹಚ್ಚಿದ್ದೂ ಮರೀತಾರೆ. ಮಧ್ಯಾಹ್ನ ನೀನೊಬ್ಬಳೇ ಇರ್ತೀಯ," ಎಂದ ಮಗ, ಜೇಬನ್ನು ತಟ್ಟಿಕೊಳ್ಳುತ್ತ.

"ಸೋಮವಾರ ಒಬ್ಬ ಡಾಕ್ಟರ ಹತ್ತಿರ ಹೋಗಿ ಬರೋಣಮ್ಮ. ಮರೆವಿನ ಡಾಕ್ಟರು. ತುಂಬ ಒಳ್ಳೆಯವರು," ಎಂದಳು ಮಗಳು. ಅವಳು ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಸೂಜಿ ಚುಚ್ಚುವ ಮೊದಲು ರೋಗಿಗಳೊಂದಿಗೆ ಮಾತಾಡುವ ದನಿಯಲ್ಲೇ ತಾಯಿಯೊಂದಿಗೂ ಮಾತಾಡುತ್ತಿದ್ದಳು.

ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ರಜೆ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು, ಒಲೆಗೊಂದು ಬಿಟ್ಟು. ಶಾಲೆಗೆ ರಜೆ ಎಂದರೆ ಮೂರು ಹೊತ್ತೂ ಮಕ್ಕಳಿಗೆ ಹಸಿವು, ಆಫೀಸಿಗೆ ರಜೆ ಎಂದರೆ ಗಂಡನಿಗೆ ಗಳಿಗೆಗೊಮ್ಮೆ ಕಾಫಿ. ಎಷ್ಟೋ ಸಲ ಸೌಟು ಎಸೆದು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿದ್ದುಂಟು. ಆಗ ಯಾರೂ ಬಂದು ಕೂತುಕೋ ಎನ್ನಲಿಲ್ಲ. ಈಗ ಎನ್ನುತ್ತಿದ್ದಾರೆ. ರಜೆ ಕೊಡುವುದು ಬೇರೆ, ಕೆಲಸದಿಂದ ತೆಗೆಯುವುದು ಬೇರೆ. ಅದು ತಿಳಿಯದಷ್ಟು ಅವಳ ತಲೆ ಇನ್ನೂ ಕೆಟ್ಟಿರಲಿಲ್ಲ.

"ಹೊರಗಿನ ಊಟ ಬರಲಿ, ಬೇಡ ಅನ್ನಲ್ಲ. ನನ್ನ ಪಾತ್ರೇನೂ ಇರುತ್ತೆ. ಒಂದು ನಾಬು ಕೊಡು. ಒಂದೇ ಸಾಕು."

"ಅಮ್ಮಾ..."

"ನಾಳೆ ಉಪ್ಪು ಜಾಸ್ತಿಯಾದ್ರೆ ಸೌಟು ಕೆಳಗಿಡ್ತೀನಿ. ಸೋಮವಾರ ನಿಮ್ಮ ಡಾಕ್ಟರ ಮುಂದೆ ಕೂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೀನಿ. ಸರಿಯಾಗಿದ್ರೆ ನಾಬೆಲ್ಲ ವಾಪಸ್ಸು. ಡಾಕ್ಟರ ಮಾತು ಈ ಮನೇಲಿ ಯಾರೂ ಎತ್ತಕೂಡದು."

"ಇದೇನು ಪಂಥಾನಾ?"

"ಪಂಥಾನೇ. ಏನೀಗ?"

ಮಗ ತಂಗಿಯ ಮುಖ ನೋಡಿದ, ತಂಗಿ ಅತ್ತಿಗೆಯ ಮುಖ ನೋಡಿದಳು. ಕೊನೆಗೆ ಜೇಬಿನಿಂದ ಒಂದು ನಾಬು ಹೊರಗೆ ಬಂತು.

ಹೀಗೆ ದೊಡ್ಡ ಬಾಯಿ ಮಾಡಿದಳೇನೋ ಸರಿ. ಒಳಗೊಳಗೇ ಅಜ್ಜಿಗೆ ಭಯವಾಗಿತ್ತು. ಪ್ರತಿ ಸಲವೂ ಒಲೆಯಿಂದ ಇಳಿಸುವ ಮೊದಲು ರುಚಿ ನೋಡಿದ್ದಳು, ಪ್ರತಿ ಸಲವೂ ಹದವಾಗಿತ್ತು. ಊಟಕ್ಕೆ ಕೂತಾಗ ಅದೇ ಸಾರು ಬಾಯಿಗಿಡಲಾಗದಂತಿರುತ್ತಿತ್ತು. ಹಾಗಾದರೆ ನಡುವೆ ತಾನೇ ಎದ್ದು ಹೋಗಿ ಇನ್ನೊಮ್ಮೆ ಹಾಕಿದ್ದಿರಬೇಕಲ್ಲವೇ? ಹಾಕಿದ್ದು ನೆನಪಿಲ್ಲ. ನೆನಪಿಲ್ಲದಿರುವುದೇ ಅಲ್ಲವೇ ಇವರು ಹೇಳುವ ಕಾಯಿಲೆ? ಈ ಪ್ರಶ್ನೆಯನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಕಾಳು ಬೇಯಲು ಇಟ್ಟಳು. ಹೆಚ್ಚಿದಳು, ಒಗ್ಗರಣೆ ಹಾಕಿದಳು. ಉಪ್ಪಿನ ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡು ಪಾತ್ರೆಗೆ ಬಿಟ್ಟು, "ಹಾಕಿದೆ," ಎಂದು ಗಟ್ಟಿಯಾಗಿ ಹೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ, ತನಗೇ ಕೇಳಲಿ ಎಂದು ಹೇಳಿದ್ದು.

ಯಜಮಾನರಿದ್ದಾಗ ಇದರ ಅರ್ಧವೂ ಹಾಕುತ್ತಿರಲಿಲ್ಲ. ಅವರ ರಕ್ತದೊತ್ತಡಕ್ಕೆ ಉಪ್ಪು ಆಗದೆಂದು ಡಾಕ್ಟರು ಹೇಳಿದ ದಿನವೇ ಅವಳು ಇಡೀ ಮನೆಗೆ ಆಜ್ಞೆ ಹೊರಡಿಸಿದ್ದಳು: ಅವರು ಸಪ್ಪೆ ತಿನ್ನುವಾಗ ಯಾರೂ ರುಚಿ ಬೇಡಕೂಡದು. ಆದರೂ ಅವಳ ಸಾರಿಗೆ ಊರೆಲ್ಲ ಹೆಸರಿತ್ತು. 'ಉಪ್ಪಿಲ್ಲದೇನೇ ರುಚಿ ಬರುತ್ತೆ ನನ್ನ ಕೈಗೆ' ಎಂದು ಅವಳು ನೆರೆಮನೆಯವರ ಮುಂದೆ ಹೇಳಿಕೊಳ್ಳದ ದಿನವಿರಲಿಲ್ಲ. ಅವರು ಹೋದ ಮೇಲೆ ಉಪ್ಪನ್ನು ಪೂರ್ತಿ ಹಾಕತೊಡಗಿದಳು. ಯಾರಿಗೂ ಹೇಳಲಿಲ್ಲ. ಹೇಳಲು ಅದೇನು ದೊಡ್ಡ ಸಮಾಚಾರವೇ?

ಮಗನ ಮಗಳು ಕಣ್ಣುಜ್ಜುತ್ತ ಬಂದಳು. ಕೂಸಾಗಿದ್ದಾಗ ಹಗಲಿರುಳು ಒಂದೇ ಸ್ವರದಲ್ಲಿ ಅಳುತ್ತಿದ್ದುದರಿಂದ ಅವಳಿಗೆ ಪಿಟೀಲು ಎಂದೇ ಹೆಸರಾಗಿತ್ತು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರೂ ಹೆಸರು ಬಿಟ್ಟಿರಲಿಲ್ಲ.

"ಬಾರೇ ಪಿಟೀಲು. ಇದನ್ನ ನೆಕ್ಕು. ಹೆದರ್ಕೊಂಡು ಹೇಳಬೇಡ, ಇದ್ದದ್ದು ಹೇಳು."

ಅಜ್ಜಿ ಸೌಟಿನಿಂದ ಅಂಗೈಗೆ ಬಿಟ್ಟ ಸಾರನ್ನು ಪಿಟೀಲು ನೆಕ್ಕಿ ಕಣ್ಣರಳಿಸಿದಳು. "ಸರಿಯಾಗಿದೆ ಅಜ್ಜಿ! ಒಂದು ಹರಳು ಹೆಚ್ಚಿಲ್ಲ, ಕಡಿಮೆ ಇಲ್ಲ."

ಅವಳು ಸ್ನಾನಕ್ಕೆ ಹೋದ ಮೇಲೆ ಅಜ್ಜಿ ನೋಡಿಕೊಂಡರೆ, ತನ್ನ ಕೈ ತಾನಾಗಿ ಮೇಲಿನ ಹಲಗೆಯಿಂದ ಮುಚ್ಚಳದ ಸಣ್ಣ ಪಾತ್ರೆಯನ್ನು ಇಳಿಸಿ, ಎರಡು ಸೌಟು ಸಾರು ತುಂಬಿ ಮುಚ್ಚಿಯೂ ಬಿಟ್ಟಿತ್ತು. ಯಜಮಾನರ ಪಾಲು. ಮಾತ್ರೆ ನುಂಗಬೇಕೆಂದು ಅವರದು ಯಾವಾಗಲೂ ಮೊದಲ ಊಟ, ಉಳಿದವರದು ಎಷ್ಟೋ ಹೊತ್ತಿನ ಮೇಲೆ. ಅವಳ ಮುಖ ಬಿಸಿಯಾಯಿತು. ಇದನ್ನು ಮಗಳು ಕಂಡರೆ ಸೋಮವಾರದ ತನಕ ಕಾಯುವುದೂ ಇಲ್ಲ, ಇಲ್ಲೇ ಚೀಟಿ ಬರೆದುಕೊಡುತ್ತಾಳೆ. ಸಣ್ಣ ಪಾತ್ರೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಳು.

ಮಂಡಿ ನೋಯುತ್ತಿತ್ತು. ಅಡುಗೆಮನೆ ಬಾಗಿಲ ಹೊರಗೆ, ಮೂಲೆಯಲ್ಲಿ, ಯಜಮಾನರ ಬೆತ್ತದ ಕುರ್ಚಿ ಇನ್ನೂ ಇತ್ತು. ಅದರಲ್ಲಿ ಅವಳು ಒಂದು ದಿನವೂ ಕೂತವಳಲ್ಲ, ಕೂರಲು ಪುರುಸೊತ್ತೆಲ್ಲಿತ್ತು? ಇವತ್ತು ಕೂತಳು. ತೆರೆದ ಬಾಗಿಲ ಹಿಂದಿನ ಆ ಮೂಲೆಯಲ್ಲಿ ಕೂತವರು ಒಳಗೆ ಹೋಗುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕೂತವರಿಗೆ ಮಾತ್ರ ಬಾಗಿಲ ಸಂದಿನಿಂದ ಒಲೆ, ಪಾತ್ರೆ, ಉಪ್ಪಿನ ಡಬ್ಬಿಯ ಹಲಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು.

ಮೊದಲು ಮಗ ನೀರು ಕುಡಿಯಲು ಬಂದ. ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು. "ಮೂರನೇ ಮಹಡೀಲಿ ಬಾಗಿಲು ತೆರೀತಿಲ್ಲ ಅಂದ್ರೆ ಸೆನ್ಸರ್ ನೋಡು," ಎನ್ನುತ್ತಲೇ ಸಾರಿನ ಮುಚ್ಚಳ ಎತ್ತಿದ, ಹಲಗೆಯಿಂದ ಡಬ್ಬಿ ಇಳಿಸಿದ, ಅಂಗೈಗೆ ಉಪ್ಪು ಸುರಿದುಕೊಂಡು ಪಾತ್ರೆಗೆ ಹಾಕಿ ಎರಡು ಸುತ್ತು ತಿರುವಿದ, ಎಲ್ಲವನ್ನೂ ಇದ್ದಂತೆಯೇ ಇಟ್ಟು ಹೊರಟುಹೋದ. ಕೋಣೆಯಿಂದ ಹೊರಬರುವವರು ದೀಪ ಆರಿಸುತ್ತಾರಲ್ಲ, ಹಾಗೆ. ಅವನ ತಲೆಗೆ ಅದು ಗೊತ್ತೇ ಇರಲಿಲ್ಲ.

ಅಜ್ಜಿಯ ಬಾಯಿ ತೆರೆಯಿತು. 'ಏಯ್' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಾಗೇ ನುಂಗಿಕೊಂಡಳು. ಈಗ ಕೂಗಿದರೆ ಒಂದು ಪಾತ್ರೆ ಸಾರು ಉಳಿಯುತ್ತದೆ, ಅಷ್ಟೆ. ಅವಳಿಗೆ ಸಾರು ಉಳಿಯುವುದು ಬೇಕಾಗಿರಲಿಲ್ಲ.

ಆಮೇಲೆ ಮಗಳು ಬಂದಳು. "ಟವೆಲ್ ಅಲ್ಲೇ ಬಾಗಿಲ ಹಿಂದೆ ಇದೆ ನೋಡ್ರೀ," ಎಂದು ಗಂಡನಿಗೆ ಕೂಗುತ್ತ ಒಂದು ಚಮಚ ಹಾಕಿದಳು. ಸೊಸೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತ ಬಂದು ಒಂದು ಚಮಚ ಹಾಕಿದಳು. ಕೊನೆಗೆ ತಟ್ಟೆ ಒಯ್ಯಲು ಬಂದ ಪಿಟೀಲು, ಆಗಷ್ಟೇ ಸಾಕ್ಷಿ ಹೇಳಿ ಹೋದವಳು, ಫೋನಿನಲ್ಲಿ ಏನನ್ನೋ ನೋಡಿ ನಗುತ್ತ ತನ್ನ ಪಾಲಿನದನ್ನೂ ಉದುರಿಸಿದಳು. ಅಜ್ಜಿ ಬಾಯಿಗೆ ಸೆರಗು ಒತ್ತಿ ಹಿಡಿದು ಕೂತಿದ್ದಳು. ನಗುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿದಿದ್ದಂತೂ ನಿಜ. ತನ್ನ ತಲೆ ತನ್ನ ಹೆಗಲ ಮೇಲೆ ನೆಟ್ಟಗೇ ಇತ್ತು.

ಎಲ್ಲರೂ ಅತ್ತ ಹೋದ ಮೇಲೆ ಎದ್ದು, ಉಪ್ಪಿನ ಡಬ್ಬಿಯನ್ನು ತಂದು ಕುರ್ಚಿಯ ಮೇಲಿಟ್ಟಳು.

ಹೊರಗಿನ ಊಟದ ಕ್ಯಾರಿಯರುಗಳು ಬಂದು ಸಾಲಾಗಿ ಕೂತವು. ಯಾರೂ ಅವನ್ನು ತೆರೆಯಲಿಲ್ಲ. ಮೊದಲು ಪಂಥ ತೀರಬೇಕಿತ್ತು. ಅಜ್ಜಿ ಎಲ್ಲರಿಗೂ ಸಾರು ಬಡಿಸಿದಳು. ಅಳಿಯ ಒಂದು ತುತ್ತು ಬಾಯಿಗಿಟ್ಟು, ಮರ್ಯಾದೆಗೆ ನುಂಗಲು ನೋಡಿ, ಆಗದೆ ಲೋಟಕ್ಕೆ ಕೈ ಹಾಕಿದ. ಮಗ ರುಚಿ ನೋಡಿ ತಲೆ ತಗ್ಗಿಸಿದ.

"ಹೋಗಲಿ ಬಿಡಮ್ಮ," ಎಂದಳು ಮಗಳು, ಅದೇ ಸೂಜಿಯ ದನಿಯಲ್ಲಿ. "ಸೋಮವಾರ ಹೋಗೋಣ. ನಾನೂ ಜೊತೇಲಿ ಇರ್ತೀನಿ."

"ಹೋಗೋಣ. ಎಲ್ಲರೂ ಹೋಗೋಣ. ಒಬ್ಬರನ್ನೂ ಮನೇಲಿ ಬಿಡೋದು ಬೇಡ. ಮರೆವು ಈ ಮನೇಲಿ ಅಂಟುರೋಗ ಇದ್ದ ಹಾಗಿದೆ," ಎಂದಳು ಅಜ್ಜಿ.

ಒಳಗೆ ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಸಣ್ಣ ಪಾತ್ರೆಯನ್ನು ತಂದು ಮೇಜಿನ ಮಧ್ಯೆ ಕುಕ್ಕಿದಳು. "ಇದೂ ಅದೇ ಸಾರೇ. ನಾನು ಇಳಿಸಿದಾಗ ತೆಗೆದಿಟ್ಟದ್ದು. ಒಂದೊಂದು ಚಮಚ ನೋಡಿ, ಜಾಸ್ತಿ ಬೇಡ."

ನೋಡಿದರು. ಮತ್ತೆ ನೋಡಿದರು. ಮಗ ಸಣ್ಣ ಪಾತ್ರೆಯಿಂದ ದೊಡ್ಡ ಪಾತ್ರೆಗೆ, ದೊಡ್ಡದರಿಂದ ಸಣ್ಣದಕ್ಕೆ ಕಣ್ಣಾಡಿಸಿದ.

"ನೀನು ಫೋನಲ್ಲಿ ಸೆನ್ಸರ್ ನೋಡು ಅಂತಿದ್ದೆ. ಆ ಕೈ ಅಂಗೈ ತುಂಬ ಹಾಕ್ತು," ಎಂದಳು ಅಜ್ಜಿ. "ನೀನು ಟವೆಲ್ ಬಾಗಿಲ ಹಿಂದೆ ಇದೆ ಅಂತ ಕೂಗ್ತಾ ಹಾಕಿದೆ. ನೀನು ಪಿನ್ನು ಕಚ್ಕೊಂಡು. ಈ ಪಿಟೀಲು, ಸರಿಯಾಗಿದೆ ಅಂತ ನನಗೆ ಹೇಳಿದ ಬಾಯಿ ಒಣಗೋ ಮೊದಲೇ!"

ಪಿಟೀಲು ತನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದು ನೋಡಿಕೊಂಡಳು. "ಅಯ್ಯೋ, ಹೌದು ಅಜ್ಜಿ. ಹಾಕಿದೆ. ಚಿಕ್ಕೋಳಿದ್ದಾಗಿಂದ ಹಾಕ್ತೀನಿ. ನಾನೊಬ್ಬಳೇ ಅಂದ್ಕೊಂಡಿದ್ದೆ."

"ನೀನೂನಾ?" ಎಂದಳು ಅವಳ ಅಮ್ಮ.

"ಅತ್ತಿಗೆ, ನೀವೂನಾ?" ಎಂದಳು ಮಗಳು.

ನಿಜ ಹೊರಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಪ್ಪೆ ತಿನ್ನಲಾಗದೆ ಒಬ್ಬೊಬ್ಬರೂ ಕದ್ದು ಕದ್ದು ಉಪ್ಪು ಹಾಕುತ್ತಿದ್ದರು, ಇನ್ನೊಬ್ಬರಿಗೆ ಗೊತ್ತಿಲ್ಲದಂತೆ. ಎಲ್ಲರ ಕೈಯೂ ಸೇರಿ ಸಾರು ಹದಕ್ಕೆ ಬರುತ್ತಿತ್ತು. ಉಪ್ಪು ಬೇಡದ ಮನುಷ್ಯ ಹೋದ ಮೇಲೂ ಆ ಕೈಗಳು ನಿಂತಿರಲಿಲ್ಲ.

ಅಜ್ಜಿ ಗೆದ್ದಿದ್ದಳು. ಆದರೆ ಕೇಳುತ್ತ ಕೇಳುತ್ತ ಅವಳ ಮುಖ ಇಳಿಯಿತು. "ಹಾಗಾದ್ರೆ ಉಪ್ಪಿಲ್ಲದೇನೇ ರುಚಿ ಬರುತ್ತೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದು..."

ನಾಬು ಕಿತ್ತಾಗ ಆದದ್ದಕ್ಕಿಂತ ಇದರಿಂದ ಹೆಚ್ಚು ನೋವಾಯಿತು. ಸಣ್ಣ ಪಾತ್ರೆಯ ಮುಚ್ಚಳ ಮುಚ್ಚುತ್ತ ಕೇಳಿದಳು: "ಅವರಿಗೆ ಗೊತ್ತಿತ್ತಾ?"

ಮಗ ಬಾಗಿಲ ಮೂಲೆಯ ಕುರ್ಚಿಯತ್ತ ನೋಡಿದ. "ಅಲ್ಲೇ ಕೂತಿರ್ತಿದ್ರಲ್ಲಮ್ಮ. ನಾನು ಮೊದಲನೇ ಸಲ ಹಾಕಿದಾಗ ಬಾಗಿಲ ಹಿಂದಿಂದ ಗಂಟಲು ಸರಿಮಾಡ್ಕೊಂಡ್ರು. ಸತ್ತೆ ಅಂದ್ಕೊಂಡೆ. 'ಕೈ ತೊಳೆದಿದ್ದೀಯೇನೋ?' ಅಂದ್ರು. ಅಷ್ಟೆ."

ಮಗಳು ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ಅಜ್ಜಿ ನಗಲೂ ಇಲ್ಲ, ಅಳಲೂ ಇಲ್ಲ. "ಕಳ್ಳರ ಸಂತೆಗೆ ಅವರೇ ಕಾವಲುಗಾರರು," ಎಂದು ಗೊಣಗಿದಳು. ಆಮೇಲೆ ಮಗನ ಜೇಬಿನತ್ತ ಬೆರಳು ತೋರಿಸಿದಳು. "ಏಳು. ಮೊದಲು ಆ ನಾಬುಗಳನ್ನ ಹಾಕಿ ಬಾ."

"ಊಟ ಆದ ಮೇಲೆ..."

"ಈಗ."

ಅವನು ಎದ್ದು ಹೋದ. ಅಡುಗೆಮನೆಯಿಂದ ಟಕ್ ಟಕ್ ಎಂದು ಸದ್ದು ಬಂತು. ಅಜ್ಜಿ ಸಣ್ಣ ಪಾತ್ರೆಯಲ್ಲಿ ಉಳಿದ ಸಾರನ್ನು ತನ್ನ ತಟ್ಟೆಯ ಅನ್ನಕ್ಕೆ ಸುರಿದುಕೊಂಡಳು. ತಟ್ಟೆ ಹಿಡಿದು ಬಾಗಿಲ ಮೂಲೆಗೆ ನಡೆದು, ಡಬ್ಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಎಲ್ಲರ ಊಟ ಮುಗಿಯದೆ ತಾನು ತುತ್ತೆತ್ತಿದ್ದು ಅವಳಿಗೆ ಇದೇ ಮೊದಲು. ಸಾರು ಆರಿತ್ತು. ಚೆನ್ನಾಗಿತ್ತು.

ಮೇಜಿನ ಬಳಿ ಕ್ಯಾರಿಯರುಗಳು ತೆರೆದವು. ಅಳಿಯ ಬಡಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟು ಅಗಿದ, ಇನ್ನೂ ಅಗಿದ.

"ಸಪ್ಪೆ," ಎಂದ.

ಪಿಟೀಲು ಎದ್ದು ಅಡುಗೆಮನೆಗೆ ಹೋಗಿ, ನೋಡದೆಯೇ ಹಲಗೆಯ ಕಡೆ ಕೈ ಚಾಚಿದಳು. ಸ್ಟೌವಿನ ಮುಂದೆ ಬಗ್ಗಿದ್ದ ಅವಳ ಅಪ್ಪನೂ ತಲೆಯೆತ್ತಿ ಅತ್ತಲೇ ನೋಡಿದ. ಹಲಗೆ ಖಾಲಿ. ಇಬ್ಬರೂ ಬಾಗಿಲಾಚೆ ಇಣುಕಿ ಕುರ್ಚಿಯತ್ತ ನೋಡಿದರು.

ಅಜ್ಜಿ ಎಡಗೈಯಲ್ಲಿ ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಅನ್ನ ಕಲೆಸತೊಡಗಿದಳು.