ಆರು ನಾಲ್ಕರ ಚಂದ್ರಿಕೆ

ನಲವತ್ತು ಚಂದ್ರಿಕೆಯ ಚಿತ್ರ ತೋರಿಸಿ, ಗಂಗರತ್ನಮ್ಮನ ಸಂಘಕ್ಕೆ ನಲವತ್ತು ಆಟಿಕೆ ಕಳಿಸಿದರು. ಅವು ಶ್ರೀನಿವಾಸಪುರದ ಕೊರಿಯರ್ ಆಫೀಸಿಗೆ ಬಂದದ್ದು ಎರಡು ಸಾವಿರದ ಆರನೇ ಇಸವಿಯ ಒಂದು ಬುಧವಾರ.

ಚಂದ್ರಿಕೆಯೆಂದರೆ ರೇಷ್ಮೆ ಹುಳ ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಆಳೆತ್ತರ ಇರುತ್ತದೆ. ಮೈಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಊರಿನಲ್ಲಿ ಅವು ಇದ್ದದ್ದು ಕೋದಂಡರಾಮಪ್ಪನ ಕೊಟ್ಟಿಗೆಯಲ್ಲಿ ಮಾತ್ರ. ಬಾಡಿಗೆ ಕೊಟ್ಟರೂ ಸಾಲದು, ಒಂದೊಂದು ಬೆಳೆಗೆ ಎರಡು ದಿನ ಅವನ ಟೊಮ್ಯಾಟೊ ತೋಟದಲ್ಲಿ ಬಿಟ್ಟಿ ಕಳೆ ಕೀಳಬೇಕು. ಕಿತ್ತವರಿಗೆ ಗಟ್ಟಿ ಚಂದ್ರಿಕೆ, ಗೊಣಗಿದವರಿಗೆ ಮುರುಕು. ಹಣ್ಣಾದ ಹುಳ ಒಂದು ಹಗಲೂ ಕಾಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ದರ್ಬಾರೆಲ್ಲ ನಡೆಯುತ್ತಿದ್ದದ್ದು ಆ ಒಂದು ಹಗಲಿನ ಮೇಲೆ.

ಹಾಗಾಗಿ ಒಂಬತ್ತು ಹೆಂಗಸರು ಸೇರಿ ಸಂಘ ಕಟ್ಟಿದ್ದರು. ಗಂಗರತ್ನಮ್ಮನ ಸೊಸೆ ರಂಜಿತ ಡಿಗ್ರಿ ಓದಿದವಳು. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಪಕ್ಕದ ಮುರಳಿಮೋಹನನ ಸೈಬರ್ ಸೆಂಟರಿನಲ್ಲಿ ಕೂತು, ಕಂಪ್ಯೂಟರಿನಲ್ಲಿ ನಡೆಯುವ ಹರಾಜನ್ನು ಹುಡುಕಿದ್ದು ಅವಳೇ. ‘ಬಿದಿರಿನ ಚಂದ್ರಿಕೆ, ಆರು ನಾಲ್ಕು, ನಲವತ್ತು ಪೀಸು.’ ಜೊತೆಗೆ ಚಿತ್ರ: ಸಾಲಾಗಿ ಒರಗಿಸಿದ ಚಂದ್ರಿಕೆಗಳು, ಮೈತುಂಬ ಬಿಳೀ ಗೂಡು. ಆರು ನಾಲ್ಕು ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ಹುಳ ಸಾಕುವವರು ಯಾರಾದರೂ ಅದನ್ನು ಕೇಳುತ್ತಾರೆಯೇ? ಆರಡಿ ಉದ್ದ, ನಾಲ್ಕಡಿ ಅಗಲ. ಅಡಿ ಎಂಬ ಮಾತನ್ನು ಆಡುವ ಪದ್ಧತಿಯೇ ಇಲ್ಲ.

ಬುಧವಾರ ಒಂಬತ್ತು ಮಂದಿಯೂ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಟ್ರೈಲರಿನಲ್ಲಿ ಹಗ್ಗ, ಗೋಣಿತಾಟು, ಪೂಜೆಗೆಂದು ಎರಡು ತೆಂಗಿನಕಾಯಿ. ಕೊರಿಯರಿನವನು ಒಳಗೆ ಹೋಗಿ, ಟಿವಿ ಡಬ್ಬದಷ್ಟು ದೊಡ್ಡ ಒಂದು ಪೆಟ್ಟಿಗೆ ತಂದು ಇಟ್ಟ.

“ಮಿಕ್ಕಿದ್ದೆಲ್ಲಪ್ಪ?” ಎಂದಳು ಎಲ್ಲರಿಗಿಂತ ಹಿರಿಯಳಾದ ಮುತ್ಯಾಲಮ್ಮ.

“ಇಷ್ಟೇ ಕಣಮ್ಮ.”

ಪೆಟ್ಟಿಗೆ ಒಡೆದರೆ ಅಂಗೈಗಿಂತ ಸ್ವಲ್ಪ ದೊಡ್ಡವು, ಗೋಡೆಗೆ ನೇತು ಹಾಕುವ ಪುಟಾಣಿ ಚಂದ್ರಿಕೆಗಳು. ಆರು ಅಂಗುಲ, ನಾಲ್ಕು ಅಂಗುಲ, ಮೇಲೊಂದು ಕೆಂಪು ರಿಬ್ಬನ್ನು. ಖಾಲಿ ಟ್ರೈಲರಿನಲ್ಲಿ ಆ ಪೆಟ್ಟಿಗೆ ದಾರಿಯುದ್ದಕ್ಕೂ ಅತ್ತಿಂದಿತ್ತ ಉರುಳಾಡಿತು. ಊರಬಾಗಿಲಲ್ಲೇ ಕೋದಂಡರಾಮಪ್ಪ ನಿಂತಿದ್ದ.

“ಸೊಳ್ಳೆ ಸಾಕ್ತೀರೇನ್ರಮ್ಮ? ಸೋಮವಾರ ತೋಟಕ್ಕೆ ಬಂದ್ಬಿಡಿ. ಕಳೆ ಬೇಕಾದಷ್ಟಿದೆ.”

ರಂಜಿತ ದೂರು ಬರೆದಳು. ಶುಕ್ರವಾರ ಮಾರಿದವನ ಉತ್ತರ ಬಂತು: ‘ನಾನು ಅಡಿ ಅಂತ ಎಲ್ಲೂ ಬರೆದಿಲ್ಲ. ಓದದೆ ಕೊಂಡದ್ದು ನಿಮ್ಮ ತಪ್ಪು.’ ಹಣ ಇನ್ನೂ ಹರಾಜು ಕಂಪನಿಯ ಕೈಯಲ್ಲೇ ಇತ್ತು. ಶನಿವಾರ ಸಾಯಂಕಾಲ ಐದರೊಳಗೆ ಸಾಕ್ಷಿ ಕಳಿಸಿದರೆ ಅದು ವಾಪಸು, ಇಲ್ಲದಿದ್ದರೆ ಮಾರಿದವನಿಗೆ. ಹಣ ಬಂದರೆ ಚಿಂತಾಮಣಿ ಕಡೆಯ ಮೇದರಿಂದಲೇ ಚಂದ್ರಿಕೆ ಹೆಣೆಸಬಹುದು. ಬಾರದಿದ್ದರೆ ಮತ್ತೆ ಅದೇ ಕೊಟ್ಟಿಗೆಯ ಮುಂದೆ ನಿಲ್ಲಬೇಕು.

ಶನಿವಾರ ನಾಲ್ಕು ಗಂಟೆಗೆ ಸಂಘದವರೆಲ್ಲ ಬಂದು ಸೇರಿ, ಮುರಳಿಮೋಹನನ ಸೈಬರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲಿ ಹುಳ ನಾಲ್ಕನೇ ಜ್ವರ ಮುಗಿಸಿ, ಎಂದರೆ ಕೊನೆಯ ಸಲ ಪೊರೆ ಕಳಚಿ ಎದ್ದು ಮೂರು ದಿನವಾಗಿತ್ತು, ಸೊಪ್ಪನ್ನು ಮಳೆ ಸುರಿದ ಸದ್ದಿನಲ್ಲಿ ಮೇಯುತ್ತಿದ್ದವು. ಇನ್ನು ನಾಲ್ಕು ದಿನಕ್ಕೆ ಹಣ್ಣು.

“ತಪ್ಪು ನಂದೇ ಅತ್ತೆ. ಒಂದು ಮಾತು ಕೇಳ್ಬೇಕಿತ್ತು,” ಎಂದಳು ರಂಜಿತ. ಎರಡು ರಾತ್ರಿಯಿಂದ ನಿದ್ದೆಯಿರಲಿಲ್ಲ ಅವಳಿಗೆ.

“ಸುಮ್ನಿರೇ. ಮೋಸ ಮಾಡ್ದೋನು ನೆಮ್ಮದಿಯಾಗಿ ಉಣ್ಣೋದು, ಮೋಸ ಹೋದೋಳು ಅಳೋದು, ಯಾವೂರ ನ್ಯಾಯ? ಆ ಚಿತ್ರ ತೋರ್ಸು.”

ಗಂಗರತ್ನಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಇಪ್ಪತ್ತಾರು ವರ್ಷ ಗೂಡು ಬಿಡಿಸಿದ ಕಣ್ಣು ಅದು. ಒಂದು ಗಳಿಗೆ ಹಾಗೇ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಹೋದ ಬೆಳೆಯಲ್ಲಿ ಮಾದರಿಗೆಂದು ಒಣಗಿಸಿ ಉಳಿಸಿಕೊಂಡಿದ್ದ ಐದು ಗೂಡು ಅದರಲ್ಲಿದ್ದವು. ಒಂದನ್ನು ತೆಗೆದು ಜೊತೆಗೆ ತಂದಿದ್ದ ಆಟಿಕೆಯ ಸುರುಳಿಯ ಮೇಲೆ ಇಟ್ಟಳು. ಗೂಡು ಸುರುಳಿಯೊಳಗೆ ಇಳಿಯಲೇ ಇಲ್ಲ. ಮೂರು ಸುತ್ತಿನ ಮೇಲೆ, ಮಗುವಿನ ಮಡಿಲಲ್ಲಿ ಕುಂಬಳಕಾಯಿ ಕೂತ ಹಾಗೆ ಕೂತಿತು.

“ನೋಡ್ರೇ!” ಎಂದು ಕೂಗಿದಳು. “ಅವನು ಅಡಿ ಬರೀದಿದ್ರೆ ಏನಂತೆ? ಗೂಡು ಬರ್ದಿದೆ! ಚಿತ್ರದಲ್ಲಿರೋದೂ ಗೂಡೇ, ನನ್ ಕೈಲಿರೋದೂ ಗೂಡೇ. ಗೂಡು ಯಾವೂರಲ್ಲೂ ಹೆಬ್ಬೆಟ್ಟಿನಷ್ಟೇ ಕಣ್ರೇ! ಮುರಳಿ, ಆ ಚಿತ್ರ ದೊಡ್ಡದು ಮಾಡೋ. ಒಂದ್ ಸಾಲು ಎಣಿಸೋಣ.”

ಮುರಳಿಮೋಹನ್ ದೊಡ್ಡದು ಮಾಡಿದ. ಗಂಗರತ್ನಮ್ಮ ಕಡ್ಡಿ ಹಿಡಿದು ಕನ್ನಡದಲ್ಲಿ ಎಣಿಸಿದಳು. ನಂಬಿಕೆ ಸಾಲದೆ ಮುತ್ಯಾಲಮ್ಮ ಇನ್ನೊಂದು ತುದಿಯಿಂದ ತೆಲುಗಿನಲ್ಲಿ ಶುರು ಮಾಡಿದಳು: ಒಕಟಿ, ರೆಂಡು, ಮೂಡು... ಮಧ್ಯದಲ್ಲಿ ಯಾರೋ ಕೆಮ್ಮಿದರೆ ಮಿಕ್ಕವರೆಲ್ಲ ಅವಳ ಬಾಯಿ ಮುಚ್ಚಿದರು.

“ಮೂವತ್ತೆಂಟು!”

“ಮುಪ್ಫೈ ಎನಿಮಿದಿ!”

ಸೈಬರಿನಲ್ಲಿ ಶಿಳ್ಳೆ ಬಿತ್ತು. ರೈಲ್ವೆ ಪರೀಕ್ಷೆಯ ಫಲಿತಾಂಶ ನೋಡಲು ಬಂದವರೂ ತಮ್ಮ ನಂಬರು ಮರೆತು ಇತ್ತ ತಿರುಗಿದರು.

“ಆರು ಅಂಗುಲದೊಳಗೆ ಮೂವತ್ತೆಂಟು ಗೂಡು ಕಟ್ಟೋಕೆ ಅದೇನು ಹುಳಾನಾ, ಜೀರಿಗೇನಾ?” ಎಂದಳು ಗಂಗರತ್ನಮ್ಮ. “ಬರಿ ರಂಜಿತ, ಇದನ್ನೇ ಬರಿ!”

ಮುರಳಿಮೋಹನ್ ಕ್ಯಾಮೆರಾ ತಂದು, ಗೂಡು ಹೊತ್ತ ಆಟಿಕೆಯ ಫೋಟೋ ತೆಗೆದ. ರಂಜಿತಳ ಬೆರಳು ಕೀಬೋರ್ಡಿನ ಮೇಲೆ ಓಡಿತು. ಫೋಟೋ ಕಳಿಸುವ ಹಸಿರು ಪಟ್ಟಿ ಅರ್ಧ ತುಂಬಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಕೀಂ ಕೀಂ ಎಂದು ಕಿರುಚತೊಡಗಿತು.

“ಹತ್ತೇ ನಿಮಿಷ ತಡೆಯೋದು ಗಂಗಕ್ಕ! ಬೇರೆ ಎಲ್ಲಾ ಕಂಪ್ಯೂಟರ್ ಆಫ್ ಮಾಡ್ರೋ!”

ಪಟ್ಟಿ ಬಸವನ ಹುಳುವಿನ ಹಾಗೆ ತೆವಳಿತು. ಮುತ್ಯಾಲಮ್ಮ ಪರದೆಗೆ ಬೀಸಣಿಗೆ ಬೀಸಿದಳು. ಹಾಗೆ ಬೀಸಿದರೆ ಬೇಗ ಹೋಗುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾಲ್ಕು ಮುಕ್ಕಾಲಿಗೆ ಪಟ್ಟಿ ತುಂಬಿತು. ‘ನಿಮ್ಮ ದೂರು ತಲುಪಿದೆ’ ಎಂಬ ಸಾಲು ಮೂಡಿದ್ದೇ ತಡ, ಒಂಬತ್ತು ಹೆಂಗಸರ ಕೇಕೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

ಐದಕ್ಕೆ ಇನ್ನೂ ಐದು ನಿಮಿಷವಿದ್ದಾಗ ಕರೆಂಟೂ ಬಂತು, ದೂರಿನಲ್ಲಿ ನಂಬರು ಕೊಟ್ಟಿದ್ದ ಮುರಳಿಮೋಹನನ ಫೋನೂ ಬಡಿದುಕೊಂಡಿತು. ಹರಾಜು ಕಂಪನಿಯವನು. ಹೆಸರು ಮಾಧವ್ ಎಂದ.

“ಗಂಗರತ್ನಮ್ಮನವ್ರಾ? ಫೋಟೋ ನೋಡ್ದೆ ಅಮ್ಮ. ಚೆನ್ನಾಗಿದೆ.”

“ಎಣಿಸಿದ್ರಾ ಸ್ವಾಮಿ?”

“ಎಣಿಸ್ದೆ. ಮೂವತ್ತೆಂಟಿದೆ.”

ಗಂಗರತ್ನಮ್ಮ ಫೋನಿನ ಬಾಯಿ ಮುಚ್ಚಿ, “ಅವನಿಗೂ ಮೂವತ್ತೆಂಟೇ!” ಎಂದಳು. ಮತ್ತೆ ಕೇಕೆ.

“ಆದ್ರೆ ಅಮ್ಮ, ತೀರ್ಮಾನ ಆಗೋಕೆ ಹದಿನೈದು ದಿನ ಆಗತ್ತೆ. ಆ ಸೆಲ್ಲರು ನಮಗೆ ಹಳೇ ಪಾರ್ಟಿ. ಅರ್ಧ ದುಡ್ಡು ನಾಳೇನೇ ಕೊಡ್ತಾರಂತೆ. ನೀವು ದೂರು ವಾಪಸ್ ತಗೊಂಡು, ‘ಚಿತ್ರದಲ್ಲಿದ್ದ ಹಾಗೇ ಸಿಕ್ಕಿದೆ’ ಅನ್ನೋ ಬಟನ್ ಒತ್ತಿಬಿಡಿ. ನಿಮಗೂ ತಲೆನೋವಿಲ್ಲ, ನಮಗೂ ಇಲ್ಲ.”

ಗಂಗರತ್ನಮ್ಮ ಮತ್ತೆ ಫೋನಿನ ಬಾಯಿ ಮುಚ್ಚಿ, ಅವನು ಅಂದದ್ದನ್ನು ಎಲ್ಲರಿಗೂ ಹೇಳಿದಳು. ರಂಜಿತ ಮೌಸಿನ ಮೇಲೆ ಕೈಯಿಟ್ಟು ಅತ್ತೆಯ ಮುಖ ನೋಡಿದಳು. ನಾಳೆಯೇ ಅರ್ಧ. ನಾಲ್ಕು ದಿನಕ್ಕೆ ಹುಳ ಹಣ್ಣು. ಹದಿನೈದು ದಿನ ಯಾರ ಕೊಟ್ಟಿಗೆಯ ಮುಂದೆ ನಿಲ್ಲುವುದು?

ಮುತ್ಯಾಲಮ್ಮ ಬೀಸಣಿಗೆ ನಿಲ್ಲಿಸಿದಳು. “ಏಮೇ ಗಂಗಾ, ನಮ್ಮತ್ತೆ ಕಾಲದಲ್ಲಿ ಚಂದ್ರಿಕೆ ಎಲ್ಲಿತ್ತೇ? ಒಣ ಕಡ್ಡಿ, ಹುಲ್ಲು ಹರಡಿ ಗೂಡು ಕಟ್ಟಿಸ್ತಿದ್ರು. ಗೂಡು ಕೊಂಚ ಕಮ್ಮಿಯಾಗ್ತಿತ್ತು. ತಲೆ ತಗ್ಗುತ್ತಿರಲಿಲ್ಲ.”

ಗಂಗರತ್ನಮ್ಮ ರಂಜಿತಳ ಕೈಕೆಳಗಿನಿಂದ ಮೌಸನ್ನು ಎತ್ತಿ, ಬಾಲ ಸಮೇತ ತನ್ನ ಮಡಿಲಿಗೆ ಹಾಕಿಕೊಂಡಳು.

“ಚಿತ್ರದಲ್ಲಿದ್ದ ಹಾಗೇ ಸಿಕ್ತು ಅಂತ ನಾನು ಒತ್ತಿದ್ರೆ, ನಾಳೆ ಇನ್ನೊಬ್ಬಳು ಟ್ರ್ಯಾಕ್ಟರ್ ತಗೊಂಡು ಬರ್ತಾಳೆ ಕಣಪ್ಪ.”

“ಒಂದೇ ಒಂದು ಬಟನ್ನು ಅಮ್ಮ. ಒತ್ತಿಬಿಡಿ.”

“ಒತ್ತಲ್ಲ. ಸೋಮವಾರ ಕಳೆ ಕೀಳೋಕೂ ಹೋಗಲ್ಲ.”

“ಯಾವ ಕಳೆ ಅಮ್ಮ?”

“ಒತ್ತಲ್ಲ ಅಂದೆ,” ಎಂದಳು ಗಂಗರತ್ನಮ್ಮ.