ಬೆಕ್ಕು ಮುಟ್ಟದ ಗಿಡ

ಅಕ್ಕ ಹಲ್ಲಿನ ಡಾಕ್ಟರು. ತಂಗಿ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಹೆರಿಗೆ ರಜೆ ಮುಗಿದು ಅಕ್ಕ ಕ್ಲಿನಿಕ್ಕಿಗೆ ಮರಳುವ ಹೊತ್ತು ಬಂದಾಗ, ಹಗಲೆಲ್ಲ ಮಗುವನ್ನು ತಾನು ನೋಡಿಕೊಳ್ಳುವುದಾಗಿ ತಂಗಿ ಹೇಳಿಬಿಟ್ಟಳು. ಬಾಯಿಬಿಟ್ಟು ಯಾರನ್ನೂ ಏನನ್ನೂ ಕೇಳದವಳು, ಕೇಳಿದ್ದು ಇದೊಂದನ್ನೇ. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭಾನುವಾರ ಬಂದು ಮನೆ ನೋಡುತ್ತೇನೆ ಎಂದಳು.

ನೋಡಲು ಅಲ್ಲಿದ್ದದ್ದು ಗಿಡಗಳೇ. ಕಿಟಕಿಯಿಂದ ನೆಲದವರೆಗೆ ಇಳಿಬಿದ್ದ ಮನಿಪ್ಲಾಂಟ್, ಕಪಾಟಿನ ಮೇಲೊಂದು ಸ್ಪೈಡರ್ ಪ್ಲಾಂಟ್, ಮೇಜಿನ ಪಕ್ಕದಲ್ಲಿ ಹಸಿರೆಲೆಗೆ ಹಾಲು ಚಿಮುಕಿಸಿದಂಥ ಡೈಫೆನ್‌ಬೇಕಿಯಾ. ಬೆರಳುದ್ದದ ತುಂಡಿನಿಂದ ಅದನ್ನು ಸೊಂಟದೆತ್ತರಕ್ಕೆ ಬೆಳೆಸಿದ್ದಳು. ಅಕ್ಷರ ನೋಡಿ ನೋಡಿ ಕಣ್ಣು ಸೋತಾಗ, ಅದರ ಹೊಸ ಎಲೆ ಸುರುಳಿ ಬಿಚ್ಚುವುದನ್ನೇ ನೋಡುತ್ತ ಕೂರುವಳು.

ಅಕ್ಕ ಬಂದವಳೇ ಮಗುವನ್ನು ನೆಲಕ್ಕೆ ಬಿಟ್ಟು, ಗಿಡಗಳತ್ತ ಹುಬ್ಬೇರಿಸಿದಳು. ತಂಗಿ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದಳು.

"ದೊರೆ ಒಂದು ಎಲೆನೂ ಮುಟ್ಟಿಲ್ಲ ಅಕ್ಕಾ. ಬಾಯಿಗೆ ಹಾಕೋ ಹಾಗಿದ್ರೆ ಮುಟ್ಟಿರ್ತಿದ್ದ. ಪ್ರಾಣಿಗೇ ಬೇಡವಾದದ್ದು ಮಗುಗೆ ಯಾಕೆ ಬೇಕು?"

ದೊರೆ ಎಂದರೆ ಅವಳ ಬೆಕ್ಕು. ಊಟದ ಹೊತ್ತು ಬಿಟ್ಟರೆ ಕುರ್ಚಿಯಿಂದ ಇಳಿಯದ ಮಹಾಶಯ.

"ಅವನು ಸೋಮಾರಿ, ಜಾಣ ಅಲ್ಲ," ಎಂದಳು ಅಕ್ಕ. "ಇವಳು ನಿನ್ನೆ ನನ್ನ ಚಪ್ಪಲಿ ನೆಕ್ಕಿದಳು ಕಣೇ."

ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಮನಿಪ್ಲಾಂಟ್‌ನಲ್ಲೂ ಡೈಫೆನ್‌ಬೇಕಿಯಾದಲ್ಲೂ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಕಚ್ಚಿದರೆ ನಾಲಿಗೆ, ತುಟಿ ಉರಿದು ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ನುಂಗುವುದೂ ಕಷ್ಟ. ಬೆಕ್ಕಿಗೂ ಅದೇ ಪಾಡು. ಸ್ಪೈಡರ್ ಪ್ಲಾಂಟ್‌ನ ತಂಟೆ ಇಲ್ಲ, ಅದು ಇರಲಿ.

ಮಾತು ಮುಗಿಯುವಷ್ಟರಲ್ಲಿ ಮಗು ಅಂಬೆಗಾಲಿಟ್ಟು ಹೋಗಿ, ಡೈಫೆನ್‌ಬೇಕಿಯಾದ ಎಲೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ತೆರೆದಿತ್ತು. ಮಾತಾಡಲೂ ಮೂರು ಸಲ ಯೋಚಿಸುವ ತಂಗಿ ಆಗ ಯೋಚಿಸಲಿಲ್ಲ. ಮೇಜಿನ ಮೇಲಿದ್ದ ಕರಡಿನ ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾಗುವಂತೆ ಹಾರಿ, ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಪುಟ್ಟ ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಬಾಯಲ್ಲಿ ಏನೂ ಇರಲಿಲ್ಲ.

ಮಗುವನ್ನು ಅಕ್ಕನ ತೊಡೆಗೆ ಕೊಟ್ಟು, ಕುಂಡವನ್ನು ಅವುಚಿಕೊಂಡು ಬಾಗಿಲಿಗೆ ನಡೆದಳು.

"ಎಲ್ಲಿಗೆ?"

"ಕಸಕ್ಕೆ," ಎಂದಳು. ಗಿಡವೂ ಹೋಯಿತು, ಮಗುವೂ ಕೈ ತಪ್ಪಿತು ಎಂದೇ ಅವಳ ಲೆಕ್ಕ.

ಅಕ್ಕ ನೆಲದ ತುಂಬ ಚೆಲ್ಲಿದ್ದ ಕರಡಿನ ಹಾಳೆಗಳನ್ನು ನೋಡಿದಳು.

"ಕಾರಲ್ಲಿಡು, ಆ ಬಳ್ಳೀನೂ ತಾ. ಕ್ಲಿನಿಕ್ಕಲ್ಲಿ ಎತ್ತರದ ಬೀರು ಇದೆ. ಅಲ್ಲಿಗೆ ಬರೋ ಮಕ್ಕಳು ಬಾಯಿ ಬಿಡ್ತಾರಾ? ನಾನು ಗೋಗರೆದ್ರೂ ಬಿಡಲ್ಲ." ಆಮೇಲೆ, "ನಾಳೆ ಬೆಳಿಗ್ಗೆ ಇವಳನ್ನ ಬಿಟ್ಟು ಹೋಗ್ತೀನಿ. ಹಾಲು ಕಾಯಿಸಿಡೋಕೆ ಹೋಗ್ಬೇಡ, ನಾನೇ ತರ್ತೀನಿ."

ಮರುದಿನ ಸಂಜೆ ಅಕ್ಕ ಚಪ್ಪಲಿ ಕಳಚುವ ಮೊದಲೇ, ಉಂಡಳಾ, ಮಲಗಿದಳಾ ಎಂದು ಕೇಳಿದಳು. ಉಂಡಳು, ಮಲಗಿದಳು, ಕರಡಿನ ಒಂದು ಮೂಲೆಯನ್ನೂ ಸವಿದಳು, ಬಾಯೊಳಗಿಂದ ತೆಗೆದೆ ಎಂದು ತಂಗಿ ಒಪ್ಪಿಸಿದಳು. ಆಮೇಲೆ ನಾಚಿಕೊಂಡು ತನ್ನದೊಂದು ಪ್ರಶ್ನೆ ಕೇಳಿದಳು.

"ಹೊಸ ಎಲೆ ಬಿಚ್ಚಿತಾ ಅಕ್ಕಾ?"