ಒಂದನೇ ಪ್ಲಾಟ್‌ಫಾರ್ಮಿನ ಹಕ್ಕು

"ಅದು ಸ್ಟಾಫಿಗೆ ಮಾತ್ರ ಮಾರಾಯ್ತಿ. ನಿಂಗೆ ಎಷ್ಟು ಸರ್ತಿ ಹೇಳುದು? ತೊಳ್ದಾಯ್ತಲ್ವಾ, ಚಾವಿ ಇಲ್ಲಿ ಕೊಡು."

ಆಫೀಸಿನ ಮ್ಯಾನೇಜರ್ ವಿಷ್ಣುಮೂರ್ತಿ ಕೈ ಚಾಚಿ ನಿಂತಿದ್ದ. ಆಗಷ್ಟೇ ಫಿನಾಯಿಲ್ ಸುರಿದು ತಾನೇ ತಿಕ್ಕಿ ತೊಳೆದ ಸಂಡಾಸಿನ ಬಾಗಿಲಲ್ಲಿ ಚಂದವ್ವ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಳು. ಬಾಗಿಲ ಮೇಲೆ 'ಘನತೆ ಎಲ್ಲರಿಗೂ' ಎಂಬ ಪೋಸ್ಟರು. ಅದನ್ನು ಅಂಟಿಸಿದವಳೂ ಚಂದವ್ವನೇ. ಓದು ಬಾರದೆ ಮೊದಲು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡಿದ್ದಳು.

"ಒಂದಕ್ಕ ಹೋಗಿ ಬಂದಬಿಡ್ತೀನ್ರೀ ಸಾಹೇಬ್ರ. ಕಿಬ್ಬೊಟ್ಟಿ ಹಿಡಕೊಂಡೈತಿ."

"ಸ್ಟೇಷನ್ ಹತ್ರ ಉಂಟಲ್ಲ, ಅಲ್ಲಿಗೆ ಹೋಗು."

ಸ್ಟೇಷನ್ನಿಗೆ ಹೋಗಿ ಬರಲು ಅರ್ಧ ತಾಸು. ಹೋದರೆ ಕೆಲಸಗಳ್ಳಿ ಎಂಬ ಬೈಗುಳ. ಹಾಗಾಗಿ ಚಂದವ್ವ ಬೆಳಗಿನ ಐದರಿಂದ ಸಂಜೆ ಠಾಣೆಯ ಆಚೆ ದಿವಾದ ತನ್ನ ಮನೆ ಮುಟ್ಟುವವರೆಗೆ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಉರಿಮೂತ್ರವೆಂದು ಡಾಕ್ಟರ ಹತ್ತಿರ ಹೋದರೆ ಅವನು ಚೆನ್ನಾಗಿ ನೀರು ಕುಡಿ ಎಂದ. "ಕುಡದು ಇವನ ಮನೀಗೆ ಹೋಗ್ಲೇನು?" ಎಂದಿದ್ದಳು ಚಂದವ್ವ.

ಇದನ್ನೆಲ್ಲ ಮೂಲೆಯ ಮೇಜಿನಿಂದ ನಿಶಾ ನೋಡುತ್ತಿದ್ದಳು. ದಿವಾದಲ್ಲಿ ಚಂದವ್ವನ ಓಣಿಯದೇ ಹುಡುಗಿ, ಕಲ್ಯಾಣದಲ್ಲಿ ವಕೀಲಿ ಓದುವವಳು, ಬೇಲಾಪುರದ ಈ ಅಂತರರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಯಲ್ಲಿ ಎರಡು ತಿಂಗಳ ಇಂಟರ್ನ್. ಸಂಬಳವಿಲ್ಲದ ದುಡಿಮೆಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಅದು. ಮುಗಿದ ಮೇಲೆ ಒಂದು ಸರ್ಟಿಫಿಕೇಟು. ಅದಿಲ್ಲದಿದ್ದರೆ ಕಾಲೇಜು ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಅಪ್ಪ ಗಟಾರಕ್ಕೆ ಇಳಿದು ಓದಿಸಿದ ಹುಡುಗಿ. ಇಂಟರ್ನಿಗೆ ಚಾವಿ ಸಿಗುತ್ತಿತ್ತು. ಸಂಡಾಸಿನಿಂದ ಹೊರಬಂದಾಗಲೆಲ್ಲ ಚಂದವ್ವನ ಮುಖ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಸಂಸ್ಥೆಯ ಆ ವರ್ಷದ ವರದಿ, ವಲಸೆ ಬಂದ ದುಡಿಯುವ ಹೆಂಗಸರ ಕಷ್ಟದ್ದು. ಬರೆಯುವವಳು ಮಾನಸಿ ಮೇಡಂ. ಅಪ್ಪ ಉಡುಪಿಯಿಂದ ಬಂದು ಠಾಣೆಯಲ್ಲಿ ಹೋಟೆಲು ಇಟ್ಟವರು, ಮಗಳು ಹುಟ್ಟಿದ್ದು ಡೊಂಬಿವಲಿಯಲ್ಲಿ, ಮನೆಯಲ್ಲಿ ತುಳು.

"ಟ್ರಾನ್ಸ್‌ಲೇಟರ್ ಬೇಡ ನಿಶಾ. ನನ್ಗೆ ಕನ್ನಡ ಸಮಜ್ ಆಗ್ತದೆ," ಎಂದು ಚಂದವ್ವನನ್ನು ತಾನೇ ಎದುರು ಕೂರಿಸಿಕೊಂಡಳು.

"ದಿನಾ ಎಂಟ್ಹತ್ತು ತಾಸು ತಡಕೊಂಡು ನಿಲ್ಲೂದ್ರಿ. ಒಂದಕ್ಕ ಹೋಗಾಕ ಬಿಡಂಗಿಲ್ಲ."

"ಎಲ್ಲಿ? ದಿವಾದಲ್ಲಾ?"

"ಎಲ್ಲಿ ಹೋದ್ರೂ ಅಷ್ಟ ರೀ."

"ಯಾರು ಬಿಡುದಿಲ್ಲ?"

"ಚಾವಿ ಇಟ್ಕೊಂಡಾವ್ರು."

ಮಾನಸಿ ಕಣ್ಣರಳಿಸಿ ಬರೆದುಕೊಂಡಳು: ದಿವಾದಲ್ಲಿ ವಲಸೆ ಹೆಂಗಸರನ್ನು ಒಂದನೇ ಪ್ಲಾಟ್‌ಫಾರ್ಮಿಗೆ ಬಿಡುವುದಿಲ್ಲ. ಎಂಟ್ಹತ್ತು ತಾಸು ತಡೆದು ನಿಲ್ಲಿಸುತ್ತಾರೆ. ಗೇಟಿಗೆ ಬೀಗ. ಹೀಗೆ ನಲವತ್ತು ಪುಟದ ವರದಿಯಾಯಿತು, ನಕ್ಷೆ ಸಮೇತ. ಜಗತ್ತಿನಲ್ಲಿ ಯಾರೂ ಕಾಣದ ಶೋಷಣೆಯನ್ನು ಬೇಲಾಪುರದವರು ಕಂಡರೆಂದು ಹೆಡ್ ಆಫೀಸಿಗೆ ಸಂಭ್ರಮವೋ ಸಂಭ್ರಮ.

ಟೈಪು ಮಾಡುವಾಗ ನಿಶಾಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಮ್ಯಾಡಂ, ಒಂದಕ್ಕೆ ಅಂದ್ರೆ ಪ್ಲಾಟ್‌ಫಾರ್ಮ್ ಅಲ್ಲ. ಸೂಸೂ. ಅದೂ ನಮ್ಮ ಆಫೀಸಿಂದೇ ಮಾತು."

ಮಾನಸಿ ವರದಿಯ ರಟ್ಟು ಎತ್ತಿ ತೋರಿಸಿದಳು. "ಕವರ್ ಛಪ್ ಆಗಿದೆ. ಹೆಡ್ ಆಫೀಸ್ ಅಪ್ರೂವ್ ಮಾಡಿದೆ. ಸೂಸೂ ಈ ವರ್ಷದ ಥೀಮ್‌ನಲ್ಲಿ ಇಲ್ಲ ನಿಶಾ. ನಿನ್ನ ಸರ್ಟಿಫಿಕೇಟ್‌ಗೆ ಸೈನ್ ನಾನೇ ಹಾಕುದಲ್ವಾ?"

ನಿಶಾ ಬಾಯಿಗೆ ಬೀಗ ಹಾಕಿಕೊಂಡಳು. ಪಾಪದ ಹುಡುಗಿ, ಇನ್ನೇನು ಮಾಡಿಯಾಳು?

ಬಿಡುಗಡೆಯ ದಿನ ಹೆಡ್ ಆಫೀಸಿನಿಂದ ಬಿಳಿಯ ಹೆಂಗಸೊಬ್ಬಳು ಅತಿಥಿಯಾಗಿ ಬಂದಳು. ಚಂದವ್ವ ಆರಕ್ಕೇ ಬಂದು ಆಫೀಸಿನ ಸಭಾಂಗಣ ಒರೆಸಿ, ಒಂಬತ್ತಕ್ಕೆ ಕೈತೊಳೆದು ಸ್ಟೇಜಿನ ಮೇಲಿನ ಕುರ್ಚಿಯಲ್ಲಿ ಶೋಷಿತೆಯಾಗಿ ಕೂತಳು. ಅತಿಥಿ ಅವಳಿಗೆ ಎಳನೀರು ಕುಡಿಸುವ ಫೋಟೋ ಬೇಕಿತ್ತು. ಮೊದಲನೆಯದರಲ್ಲಿ ಅತಿಥಿ ಕಣ್ಣು ಮುಚ್ಚಿದಳು, ಎರಡನೆಯದರಲ್ಲಿ ಬ್ಯಾನರು ಬರಲಿಲ್ಲ. ಹೀಗೆ ಮೂರು ಎಳನೀರು ಒಳಗೆ ಹೋದವು.

"ಸಾಹೇಬ್ರ, ಚಾವಿ ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಗೆಸ್ಟ್ ಇರುವಾಗ ಎಂತದು ನಿಂದು? ಕಾರ್ಯಕ್ರಮ ಮುಗಿಲಿ."

ಭಾಷಣಗಳು ಹನ್ನೆರಡರವರೆಗೆ ನಡೆದವು. ಕೊನೆಗೆ ಅತಿಥಿ ಚಿನ್ನದ ಬಣ್ಣದ ಚೌಕಟ್ಟು ಹಾಕಿದ ಪ್ಲಾಟ್‌ಫಾರ್ಮ್ ಟಿಕೇಟೊಂದನ್ನು ಚಂದವ್ವನ ಕೈಗಿಟ್ಟು, ಎರಡು ಮಾತಾಡು ಎಂದಳು. ಚಂದವ್ವ ಮೈಕಿನ ಮುಂದೆ ತೊಡೆಗೆ ತೊಡೆ ಒತ್ತಿಕೊಂಡು ನಿಂತಳು. ಹಣೆಯ ತುಂಬ ಬೆವರು.

"ನನಗ ಒಂದಕ್ಕ ಬಂದೈತ್ರಿ. ಈಗಿಂದೀಗ ಹೋಗಬೇಕು."

ಮಾನಸಿ ಇಂಗ್ಲಿಷಿನಲ್ಲಿ ಅನುವಾದಿಸಿದಳು: ಒಂದನೇ ಪ್ಲಾಟ್‌ಫಾರ್ಮು ನನ್ನದು, ಈಗಿಂದೀಗಲೇ ಹೊರಟೆ ಎನ್ನುತ್ತಿದ್ದಾಳೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅತಿಥಿ ಕಣ್ಣೊರೆಸಿಕೊಂಡಳು. ವಿಷ್ಣುಮೂರ್ತಿ ಮಾತ್ರ ತನ್ನ ಬೂಟು ನೋಡುತ್ತ ನಿಂತ. ಅವನಿಗೆ ಕನ್ನಡ ಬರುತ್ತಿತ್ತು.

"ಈ ಭಾಡ್ಯಾಗೋಳು ಯಾಕ ಚಪ್ಪಾಳಿ ಹೊಡ್ಯಾಕತ್ತಾರ? ನಿಶಿ, ಏನ್ ಹೇಳಿದ್ಲ ಇಕಿ?" ಚಂದವ್ವ ಸಭೆಯಲ್ಲಿ ಕೂತಿದ್ದ ನಿಶಾಳನ್ನು ಕೇಳಿದಳು.

ಸರ್ಟಿಫಿಕೇಟು ಮಾನಸಿಯ ಮುಂದಿನ ಫೈಲಿನಲ್ಲಿತ್ತು, ಸಹಿ ಬಿದ್ದಿರಲಿಲ್ಲ. ನಿಶಾ ಎದ್ದಳು. ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ, ಅತಿಥಿಗೆ ಹೇಳಿದಳು: ಅವಳಿಗೆ ಉಚ್ಚೆ ಬಂದಿದೆ. ಈ ಆಫೀಸಿನ ಸಂಡಾಸು ತೊಳೆಯುವವಳು ಅವಳು, ಆದರೆ ಅದರಲ್ಲಿ ಅವಳನ್ನು ಕೂರಲು ಬಿಡುವುದಿಲ್ಲ. ಪ್ಲಾಟ್‌ಫಾರ್ಮಿಗೂ ಇದಕ್ಕೂ ಸಂಬಂಧವೇ ಇಲ್ಲ.

ಚಪ್ಪಾಳೆ ನಿಂತಿತು. ಇದು ವರದಿಯಲ್ಲಿದೆಯೇ ಎಂದು ಅತಿಥಿ ಕೇಳಿದಳು. ಎರಡನೇ ಹಂತದಲ್ಲಿ ಬರುತ್ತದೆ ಎಂದಳು ಮಾನಸಿ. ವಿಷ್ಣುಮೂರ್ತಿ ಚಾವಿಗಾಗಿ ಜೇಬು ತಡಕಾಡತೊಡಗಿದ.

ಚಂದವ್ವ ಕಾಯಲಿಲ್ಲ. ಚೌಕಟ್ಟನ್ನು ಕುರ್ಚಿಯ ಮೇಲೆ ಹುಷಾರಾಗಿ ಇಟ್ಟಳು. ಸೀರೆ ಎತ್ತಿಕೊಂಡು ಅಲ್ಲೇ, ಸ್ಟೇಜಿನ ನಟ್ಟನಡುವೆ, ಬ್ಯಾನರಿನ ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ಮೈಕು ಚಾಲೂ ಇತ್ತು. ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಅವಳು ತಲೆ ತಗ್ಗಿಸಲಿಲ್ಲ. ಮುಂದಿನ ಸಾಲಿನವರೇ ತಗ್ಗಿಸಿದರು.

ಮುಗಿದ ಮೇಲೆ ಎದ್ದು ನೆರಿಗೆ ಸರಿಮಾಡಿಕೊಂಡಳು. "ಬಾ ನಿಶಿ, ಹೋಗೂಣು."

ಇಬ್ಬರೂ ಮೆಟ್ಟಿಲು ಇಳಿದು ಹೋದರು. ಸ್ಟೇಜಿನ ಮೇಲಿನದು ಹರಿದು ಅತಿಥಿಯ ಚಪ್ಪಲಿಯತ್ತ ಬರುತ್ತಿತ್ತು. ಒರೆಸುವ ಬಟ್ಟೆ ತನ್ನಿ ಎಂದಳು ಮಾನಸಿ. ವಿಷ್ಣುಮೂರ್ತಿ ಇದ್ದಬದ್ದ ಕಪಾಟುಗಳನ್ನೆಲ್ಲ ತೆಗೆದು ನೋಡಿದ. ಅದನ್ನು ಎಲ್ಲಿಡುತ್ತಾರೆಂದು ಆ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.